ಕಿಂಡಿಯ ಬಾಯಲ್ಲಿದ್ದ ಅರಳಿ ಗಿಡ

ಈ ಕಥೆಯನ್ನು ಮೊದಲು ಹೇಳಿದವನು ಸಾತಪ್ಪ. ಮೇಲವಂಕಿಯ ಸುತ್ತಲಿನ ವಸ್ತಿಗಳಿಗೆ ಮೂವತ್ತೊಂದು ವರ್ಷ ಟಪಾಲು ಹಂಚಿದವನು. ಹೇಳಿದ್ದು ೨೦೨೪ರ ಡಿಸೆಂಬರ್ ಎರಡನೇ ತಾರೀಖು, ಸೋಮವಾರ ಮಧ್ಯಾಹ್ನ, ಕೊಣ್ಣೂರಿನಲ್ಲಿ ಅವನ ತಂಗಿಯ ಮನೆಯವರ ಬೆಲ್ಲದ ಗಾಣದಲ್ಲಿ. ಕರೆಂಟು ಹೋಗಿ ಗಾಣ ನಿಂತಿತ್ತು. ಒಲೆಗೆ ಉರಿ ಹಾಕುವ ಮಾಲಿಂಗ, ಕಬ್ಬಿನ ಸಿಪ್ಪೆ ಒಣಗಿಸುವ ಇಂದ್ರವ್ವ, ಬೆಲ್ಲ ಒಯ್ಯಲು ಬಂದಿದ್ದ ನಾನು, ಇನ್ನೂ ನಾಲ್ಕೈದು ಮಂದಿ ನೆರಳಿಗೆ ಕುಳಿತಿದ್ದೆವು. ಇಂದ್ರವ್ವ ಎಂದಿನಂತೆ ಸುಮ್ಮನಿದ್ದಳು. ಮೂಡಲಗಿಗೆ ಕೊಟ್ಟ ಮಗಳ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಅಂದಿನಿಂದ ಅವಳಿಗೆ ಬೇರೆಯವರ ಜೊತೆಗೂ ಮಾತು ಕಡಿಮೆ.

"ಕಾಕಾ, ಕರೆಂಟ್ ಬರೂತನಾ ಒಂದ ಕಥಿ ಹೇಳ್ರಿ," ಎಂದ ಮಾಲಿಂಗ.

"ನಾ ಏನ್ ಕಥಿ ಹಾಡೂ ಗೊಂದಲಿಗ್ಯಾ ಏನೋ?"

"ಮೂವತ್ತೊಂದ ವರ್ಷ ಮಂದೀ ಸುದ್ದಿ ಹೊತ್ತೀರಿ. ಒಂದರೆ ಒಡದ ಓದಿರಲಿಕ್ಕಿಲ್ಲಾ?"

ನಾವೆಲ್ಲ ನಕ್ಕೆವು. ಸಾತಪ್ಪ ನಗಲಿಲ್ಲ. ತನ್ನ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಹಾಳೆಯ ಕಟ್ಟು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಒಡದ ಓದಿಲ್ಲೋ ತಮ್ಮಾ. ಒಂದನ್ನ ಓದಿದ್ದರ ಚಲೋ ಇತ್ತು."

ಆಮೇಲೆ ಹೇಳಿದ. ಮೇಲವಂಕಿಯಿಂದ ಆಚೆ ತಗ್ಗಿನತೋಟ ಅಂತ ಒಂದು ವಸ್ತಿ. ಮೂವತ್ತು ನಲವತ್ತು ಮನೆ. ಮೂರು ಕಡೆ ದಿಬ್ಬ, ಪಡುವಣಕ್ಕೆ ಮಾತ್ರ ದಿಬ್ಬ ಸೀಳಿದಂತೆ ಒಂದು ಕಿಂಡಿ. ಫೋನಿಗೆ ರೇಂಜ್ ಬೇಕೆಂದರೆ ದಿಬ್ಬದ ನೆತ್ತಿಯ ಕಲ್ಲಿನ ತನಕ ಹತ್ತಬೇಕು. ಅಲ್ಲಿ ಕೇದಾರಿ, ಅವನ ಹೆಂಡತಿ ಉದ್ದವ್ವ. ಹೊಲದ ಕೆಲಸದವರು. ಮಗಳು ಆಮ್ರಪಾಲಿ ಹುಕ್ಕೇರಿಯಲ್ಲಿ ಇಂಟರ್ನೆಟ್ ಹಾಕುವವರ ಕಡೆ ಕೆಲಸಕ್ಕಿದ್ದಾಳೆ. ಮಗ ಶುಭಮ್ ಹನ್ನೊಂದು ವರ್ಷದವನಿದ್ದಾಗ, ೨೦೧೫ರ ಮೊದಲ ಮಳೆಯಲ್ಲಿ, ಹಾವು ಕಡಿದು ಹೋದ. ಅವನನ್ನು ಮಣ್ಣು ಮಾಡಿದ್ದು ಕಿಂಡಿಯ ಬಾಯಲ್ಲಿ. ಕೇದಾರಿ ಅದರ ಮೇಲೆ ಒಂದು ಅರಳಿ ಸಸಿ ಹಚ್ಚಿದ, ಬುದ್ಧ ಕುಳಿತ ಗಿಡ ಎಂದು. ಆ ದಿನದಿಂದ ಅವನು ಫೋನು ಮುಟ್ಟಲಿಲ್ಲ. ಏಳನೇ ಇಯತ್ತೆ ಕಲಿತವನು. ಮಗಳಿಗೂ ಅವನಿಗೂ ಏನಿದ್ದರೂ ಪತ್ರದಲ್ಲೇ.

"ಆ ವಸ್ತಿಗೆ ಅವರದೊಂದ ಟಪಾಲು. ಹಿಂಗಾಗಿ ನಾ ವಾರಕ್ಕ ಎರಡ ಸಲ ಹೋಗ್ತಿದ್ದೆ. ಸೋಮವಾರ, ಗುರುವಾರ. ಇದನ್ನಟ ನೆನಪಿಡ್ರಿ," ಎಂದು ಮೊದಲ ಪತ್ರ ಬಿಚ್ಚಿದ.

---

ಹುಕ್ಕೇರಿ
೨೧ ಜನವರಿ ೨೦೨೪

ಅಪ್ಪಾ, ಜೈ ಭೀಮ.

ನಾನು ಆರಾಮ ಇದ್ದೇನೆ. ಒಂದು ಸಂತೋಷದ ಸುದ್ದಿ. ನಮ್ಮ ಮಾಲೀಕರು ಗಜಾನನ ಸರ್ ಕೊನೆಗೂ ನಮ್ಮ ತಗ್ಗಿನತೋಟಕ್ಕೆ ನೆಟ್ ಕೊಡಲು ಒಪ್ಪಿದರು. ನಾಲ್ಕು ವರ್ಷ ಕೇಳಿದ್ದೇನೆ.

ನನ್ನ ಕೆಲಸ ಏನೆಂದು ನಿನಗೆ ಎಂದೂ ಸರಿಯಾಗಿ ಹೇಳಿಲ್ಲ. ತಂತಿ ಇಲ್ಲದೆ ಇಂಟರ್ನೆಟ್ ಸಾಗಿಸುವುದು. ಒಂದು ಎತ್ತರದ ಮೇಲೆ ಊಟದ ತಾಟಿನಂಥ ಡಿಶ್, ದೂರದ ಇನ್ನೊಂದು ಎತ್ತರದ ಮೇಲೆ ಅಂಥದೇ ಇನ್ನೊಂದು. ಎರಡೂ ಒಂದರ ಮುಖ ಇನ್ನೊಂದು ನೋಡಬೇಕು, ನಡುವೆ ಏನೂ ಅಡ್ಡ ಇರಬಾರದು. ಅಷ್ಟಾದರೆ ಮಾತು, ಚಿತ್ರ, ಎಲ್ಲ ಗಾಳಿಯಲ್ಲೇ ದಾಟುತ್ತವೆ. ಆಮೇಲೆ ನಮ್ಮ ಕನ್ನಡ ಸಾಲಿಯ ಮಾಳಿಗೆಯಿಂದ ಮನೆಮನೆಗೆ ಹಂಚುತ್ತೇವೆ. ಯಾರೂ ದಿಬ್ಬ ಹತ್ತಬೇಕಾಗಿಲ್ಲ.

ಎದುರು ಡಿಶ್ ಇಡುವ ಜಾಗ ಕಾಣುತ್ತದೋ ಇಲ್ಲವೋ ನೋಡಲು ನಾವು ಕನ್ನಡಿ ಹಿಡಿಸುತ್ತೇವೆ. ಫೆಬ್ರುವರಿ ಹನ್ನೆರಡು, ಸೋಮವಾರ, ಬೆಳಿಗ್ಗೆ ಹತ್ತಕ್ಕೆ ನಾನು ಕೊಣ್ಣೂರಿನ ನೀರಿನ ಟಾಕಿಯ ಮೇಲಿರುತ್ತೇನೆ. ಯಾರಾದರೂ ನಮ್ಮ ಸಾಲಿಯ ಮಾಳಿಗೆಯ ಮೇಲೆ ನಿಂತು ಬಿಸಿಲಿಗೆ ಕನ್ನಡಿ ಹಿಡಿದು ಕಿಂಡಿಯ ಕಡೆ ಆಡಿಸಬೇಕು.

ನೀನು ಹಿಡಿದರೆ ನನಗೆ ಸಮಾಧಾನ. ಕನ್ನಡಿ ಅಷ್ಟೇ ಅಪ್ಪಾ, ಫೋನ್ ಅಲ್ಲ.

ನಿನ್ನ ಮಗಳು,
ಆಮ್ರಪಾಲಿ

---

ತಗ್ಗಿನತೋಟ
೧ ಫೆಬ್ರುವರಿ ೨೦೨೪

ಆಮ್ರಾ, ಜೈ ಭೀಮ.

ಪತ್ರ ಮುಟ್ಟಿತು. ಕನ್ನಡಿ ನಿಮ್ಮವ್ವ ಹಿಡಿಯುತ್ತಾಳೆ.

ಜೋಳ ಕೊಯ್ಲಿಗೆ ಬಂದಿದೆ. ಬಾಜೂ ಮನೆಯ ಭರಮವ್ವನ ಸೊಸೆ ಕಾಜಲ್ ಬಸುರಿ. ನಿಮ್ಮವ್ವ ದಿನಾ ಅವಳಿಗೆ ಏನಾದರೂ ಒಯ್ದು ಕೊಡುತ್ತಾಳೆ.

ನಮ್ಮ ಗಿಡ ಎಲೆ ಉದುರಿಸಲು ಸುರು ಮಾಡಿದೆ. ಶುಭಮ್ ಹೀಗೆಯೇ ಮಾಡುತ್ತಿದ್ದ. ಚಳಿ ಇದ್ದಾಗಲೇ ಅಂಗಿ ಬಿಚ್ಚಿ ಒಗೆದು ಓಡುತ್ತಿದ್ದ. "ಊರೆಲ್ಲಾ ಕೌದಿ ಹೊದ್ದ ಕುಂತಾಗ ಇವಗ ಅಂಗಿ ಭಾರ ಆಗ್ತೈತಿ ನೋಡ್ರಿ," ಎಂದು ನಿಮ್ಮವ್ವ ಅವನ ಹಿಂದೆ ಓಡುತ್ತಿದ್ದಳು. ನಿನಗೆ ನೆನಪಿರಬೇಕು.

ನಿಮ್ಮಪ್ಪ,
ಕೇದಾರಿ

---

ಹುಕ್ಕೇರಿ
೧೯ ಫೆಬ್ರುವರಿ ೨೦೨೪

ಅಪ್ಪಾ, ಜೈ ಭೀಮ.

ಹನ್ನೆರಡನೇ ತಾರೀಖು ಟಾಕಿಯ ಮೇಲೆ ಒಂದು ತಾಸು ನಿಂತೆ. ದೂರದಲ್ಲಿ ದಿಬ್ಬ ಮಂಜು ಮಂಜಾಗಿತ್ತು. ಆಮೇಲೆ ಒಮ್ಮೆಲೆ ಅಲ್ಲಿ ಒಂದು ಕಿಡಿ. ಮತ್ತೆ ಒಂದು. ಅವ್ವ ಕನ್ನಡಿ ಆಡಿಸುತ್ತಿದ್ದಳು. ನಮ್ಮ ಊರು ಹೊರಗಿನವರಿಗೆ ಕಂಡದ್ದನ್ನು ನಾನು ಅದೇ ಮೊದಲು ನೋಡಿದೆ. ಜೊತೆಗಿದ್ದವರು ಕೇಳಿದರು, "ಯಾಕ ಅಳಾಕತ್ತಿ?" ಬಿಸಿಲು ಕಣ್ಣಿಗೆ ಹೊಡೀತು ಎಂದೆ.

ಹದಿನೈದಕ್ಕೆ ನಾನು ಊರಿಗೆ ಬಂದು ಸಾಲಿಯ ಮೇಲೆ ಡಿಶ್ ಕಟ್ಟಿದೆ. ಮಂದಿಯೆಲ್ಲ ಕೆಳಗೆ ಸೇರಿದ್ದರು. ಭರಮವ್ವ ಆಯಿ ಕೇಳಿದಳು, "ತಾಟ ಏನೋ ಚಲೋ ಐತಿ ಯವ್ವಾ. ಊಟ ಎಲ್ಲಿ?"

"ಊಟ ಅಲ್ರಿ ಆಯಿ, ಇದರಾಗ ಮಾತು ಬರ್ತೈತಿ."

"ಮಾತು ಈ ವಸ್ತ್ಯಾಗ ಮೊದಲ ಭಾಳ ಐತಿ. ಮತ್ತ ಹೊರಗಿಂದ ಯಾಕ ತಂದಿ?"

ಅವಳ ಮಗ ಹನಮಂತ ನಕ್ಕ. ಎಲ್ಲರೂ ನಕ್ಕರು. ನೀನು ಬರಲಿಲ್ಲ.

ನೀನು ಗಿಡದ ಬುಡದಲ್ಲಿ ಕುಳಿತಿದ್ದೆ. ನಾನು ಮಾಳಿಗೆಯಿಂದ ನೋಡುತ್ತಲೇ ಇದ್ದೆ. ಬೋಳು ಟೊಂಗೆಗಳ ನಡುವೆ ನಿನ್ನ ಬಿಳಿ ಟೋಪಿ ಕಾಣುತ್ತಿತ್ತು. ಡಿಶ್ಶಿನ ಮುಖ ತಿರುವುವಾಗ ಮೊದಲು ನಿನ್ನ ಟೋಪಿಯ ಗುರಿ ಹಿಡಿದು, ಅಲ್ಲಿಂದ ಸ್ವಲ್ಪ ಮೇಲೆತ್ತಿದೆ. ಕೂಡಲೇ ಹತ್ತಿತು. ಇಷ್ಟು ಬೇಗ ಯಾವ ಊರಲ್ಲೂ ಹತ್ತಿಲ್ಲ.

ಹೋಗುವಾಗ ನಿನ್ನ ಹತ್ತಿರ ಬರಬೇಕೆಂದಿದ್ದೆ. ಬಸ್ಸಿಗೆ ಹೊತ್ತಾಗಿತ್ತು. ಅದು ಖರೆ ಅಲ್ಲ. ಅಲ್ಲಿಗೆ ಬಂದರೆ ನನಗೆ ಏನು ಮಾತಾಡಬೇಕೋ ತಿಳಿಯುವುದಿಲ್ಲ.

ನಿನ್ನ ಮಗಳು,
ಆಮ್ರಪಾಲಿ

---

ತಗ್ಗಿನತೋಟ
೨೮ ಮಾರ್ಚ್ ೨೦೨೪

ಆಮ್ರಾ, ಜೈ ಭೀಮ.

ನಿನ್ನ ಹೆಸರು ಈಗ ಇಲ್ಲಿ ದೊಡ್ಡದಾಗಿದೆ. ಕೆಲಸಕ್ಕೆ ಹೋದಲ್ಲಿ "ಡಿಶ್ ಹಚ್ಚಿದಾಕಿ ಅಪ್ಪ" ಎನ್ನುತ್ತಾರೆ. ಭರಮವ್ವ ದಿನಾ ನಿಪ್ಪಾಣಿಯ ತನ್ನ ಅಕ್ಕನ ಜೊತೆ ಜಗಳ ಆಡುತ್ತಾಳೆ. ಇಷ್ಟು ವರ್ಷದ ಜಗಳ ಬಾಕಿ ಇತ್ತಂತೆ.

ನಿಮ್ಮವ್ವ ಸಂಜೆ ನಿನ್ನ ಮುಖ ನೋಡುತ್ತ ಮಾತಾಡುವಾಗ ನಾನು ಬಾಗಿಲಾಚೆ ನಿಂತು ಕೇಳುತ್ತೇನೆ. ಇದು ನಿನಗೆ ಗೊತ್ತಿಲ್ಲ. ನೀನು ಕೆಮ್ಮುತ್ತಿದ್ದೆ. ಟವರ್ ಹತ್ತುವಾಗ ಕಿವಿಗೆ ಬಟ್ಟೆ ಕಟ್ಟಿಕೋ.

ನಾಲ್ಕೈದು ದಿನದಿಂದ ನಿನ್ನ ನೆಟ್ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ನಿನ್ನೆಯಿಂದ ಪೂರ್ತಿ ನಿಂತಿದೆ. ಹನಮಂತ ಮಾಳಿಗೆ ಹತ್ತಿ ನೋಡಿದ, ಎಲ್ಲ ದೀಪ ಹತ್ತಿವೆ ಎಂದ. ಏನಾಗಿದೆಯೋ ಬಂದು ನೋಡು.

ಬೇರೆ ಏನಿಲ್ಲ. ನಮ್ಮ ಗಿಡ ಈ ವರ್ಷ ಚಿಗುರಿದಂತೆ ಯಾವ ವರ್ಷವೂ ಚಿಗುರಿಲ್ಲ. ಒಂದು ವಾರದಲ್ಲಿ ಮೈತುಂಬ ಎಲೆ. ಹೊಸ ಎಲೆ ತಾಮ್ರದ ಬಣ್ಣ, ಗಾಳಿ ಇಲ್ಲದಿದ್ದರೂ ನಡುಗುತ್ತದೆ. ಅದರ ಕೆಳಗೆ ಕುಳಿತರೆ ಕಿಂಡಿಯ ಆಚೆ ಏನೂ ಕಾಣುವುದಿಲ್ಲ. ಇಪ್ಪತ್ತು ವರ್ಷದ ಮಗನ ಹಿಂದೆ ಕುಳಿತಂತೆ ಆಗುತ್ತದೆ.

ನಿಮ್ಮಪ್ಪ,
ಕೇದಾರಿ

---

ಹುಕ್ಕೇರಿ
೬ ಏಪ್ರಿಲ್ ೨೦೨೪

ಅಪ್ಪಾ,

ನಿನ್ನ ಪತ್ರವನ್ನು ಮೂಡಲಗಿಯಲ್ಲಿ ಒಂದು ಟವರಿನ ಕೆಳಗೆ ಕುಳಿತು ಓದಿದೆ. ನೆಟ್ ನಿಂತಿತು ಎಂದು ಬರೆದಿದ್ದೀ, ಗಿಡ ಚಿಗುರಿತು ಎಂದು ಬರೆದಿದ್ದೀ. ಎರಡು ಬೇರೆ ಬೇರೆ ಸುದ್ದಿ ಎಂದುಕೊಂಡು ಬರೆದಿದ್ದೀ. ಅಪ್ಪಾ, ಎರಡೂ ಒಂದೇ ಸುದ್ದಿ.

ಎಲೆಯಲ್ಲಿ ನೀರು ಇರುತ್ತದೆ. ನಮ್ಮ ಡಿಶ್ಶಿನಿಂದ ಹೊರಡುವ ಅಲೆಗೆ ಆ ನೀರು ಗೋಡೆ ಇದ್ದಂತೆ. ಬೋಳು ಟೊಂಗೆಗಳ ಸಂದಿಯಲ್ಲಿ ಹಾಯುತ್ತಿದ್ದದ್ದು ಈಗ ಹಾಯುವುದಿಲ್ಲ. ಈ ಕೆಲಸಕ್ಕೆ ಸೇರಿದ ಮೊದಲ ವಾರವೇ ಗಜಾನನ ಸರ್ ಕಲಿಸಿದ್ದರು: "ಗಿಡ ಬೋಳ ಇದ್ದಾಗ ಜಾಗಾ ನೋಡಿ ಮೋಸ ಹೋಗಬ್ಯಾಡ್ರಿ." ಇಷ್ಟು ಊರುಗಳಲ್ಲಿ ಒಮ್ಮೆಯೂ ಮರೆತಿಲ್ಲ. ನಮ್ಮ ಊರಲ್ಲಿ ಮರೆತೆ. ಯಾಕೆ ಮರೆತೆ ಎಂದು ಮೂರು ದಿನ ಯೋಚಿಸಿದೆ. ಅದನ್ನು ನಾನು ಎಂದೂ ಗಿಡ ಎಂದು ನೋಡಿರಲೇ ಇಲ್ಲ.

ಸರ್‌ಗೆ ಹೇಳಿದೆ. ಟೊಂಗೆ ಸವರಿದರೆ ಸಾಲದು, ಅಲೆ ಸರಿಯಾಗಿ ಗಿಡದ ನಟ್ಟನಡುವೆಯೇ ಹಾಯಬೇಕು ಎಂದರು. ಸಾಲಿಯ ಹಳೆ ಮಾಳಿಗೆ ಇನ್ನೂ ಎತ್ತರದ ಕಂಬ ತಾಳುವುದಿಲ್ಲ. "ಗಿಡಾ ಇಳಸ್ರಿ, ಇಲ್ಲಾ ಡಿಶ್ ಇಳಸ್ರಿ. ಜೂನ್ ಮುಗಿಯೂತನಾ ನೋಡ್ತೇನಿ, ಆಮ್ಯಾಲೆ ಬ್ಯಾರೇ ಊರಿಗೆ ಕೊಡ್ತೇನಿ," ಎಂದರು. ಅವರಿಗೆ ಆ ಗಿಡ ಯಾವುದೆಂದು ನಾನು ಹೇಳಿಲ್ಲ. ನಿನಗೆ ಏನೂ ಕೇಳುತ್ತಿಲ್ಲ. ಸುಮ್ಮನೆ ತಿಳಿಸಿದೆ.

ಇನ್ನೊಂದು ಮಾತು. ಇದನ್ನೂ ಇವತ್ತೇ ಬರೆಯುತ್ತೇನೆ, ಇಲ್ಲದಿದ್ದರೆ ಬರೆಯುವುದಿಲ್ಲ. ಆ ದಿನ ಬೆಳಿಗ್ಗೆ ಫೋನ್ ನನ್ನ ಕಡೆ ಇತ್ತು. ದಿಬ್ಬದ ಮೇಲೆ ಕುಳಿತು ಹಾಡು ಕೇಳಿದ್ದೆ. ಶುಭಮ್‌ಗೆ ಕಡಿಯಿತೆಂದು ನೀನು ನನ್ನ ಕೈಯಿಂದ ಫೋನ್ ಕಸಿದುಕೊಂಡು ಓಡಿದಾಗ ಚಾರ್ಜ್ ಒಂದೇ ಗೆರೆ ಉಳಿದಿತ್ತು. ನಾನು ಹೇಳಲಿಲ್ಲ. ನೀನು ತಿರುಗಿ ಬಂದ ಮೇಲೆ ಕೇಳಲೂ ಇಲ್ಲ. ಒಂಬತ್ತು ವರ್ಷ ನೀನು ಕೇಳುತ್ತೀ ಎಂದು ಕಾದೆ.

ಆಮ್ರಪಾಲಿ

---

ತಗ್ಗಿನತೋಟ
೨೨ ಏಪ್ರಿಲ್ ೨೦೨೪

ಆಮ್ರಪಾಲಿಗೆ,

ಗಿಡಕ್ಕೆ ಕೈ ಹಚ್ಚುವ ಮಾತು ಇನ್ನೊಮ್ಮೆ ಬರೆಯಬೇಡ. ಅವನ ತಲೆಯ ಮೇಲೆ ಕೊಡಲಿ ಇಡು ಎಂದಂತೆ ಆಯಿತು.

ನಿಮ್ಮ ಡಿಶ್ ಇಳಿಸಿಕೊಂಡು ಹೋಗಿರಿ. ಅದು ಬರುವ ಮೊದಲೂ ಈ ವಸ್ತಿ ಇತ್ತು.

ನಿಮ್ಮವ್ವ ಸಂಜೆಯಾದರೆ ಫೋನ್ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂಡುತ್ತಾಳೆ. ಅವಳಿಗೆ ನಾನು ಏನೂ ಹೇಳಿಲ್ಲ.

ಕೇದಾರಿ

---

ಸಾತಪ್ಪ ಇಲ್ಲಿ ಸ್ವಲ್ಪ ನಿಲ್ಲಿಸಿದ. "ಇದಾದ ಮ್ಯಾಲೆ ಐದ ವಾರ ಒಂದೂ ಟಪಾಲಿಲ್ಲ. ನಾ ಬರೇ ಕೈಲೆ ಹೋಗ್ತಿದ್ದೆ. ಕೇದಾರಿ ಗಿಡದ ಬುಡಕ ಕುಂತಿರ್ತಿದ್ದ. ‘ಐತೇನೋ?’ ಅಂತಿದ್ದ. ‘ಇಲ್ಲೋ ಮಾರಾಯಾ’ ಅಂತಿದ್ದೆ. ‘ಇಲ್ಲದಿದ್ದರ ಯಾಕ ಬಂದಿ?’ ಅಂತಿದ್ದ. ‘ನಿನ್ನ ಮಾರಿ ನೋಡಾಕ’ ಅಂತಿದ್ದೆ. ಖರೇನ ನೋಡಾಕನ ಹೋಗ್ತಿದ್ದೆ."

"ಬಾಟ್ರಿ ಸುದ್ದಿಗೆ ಅಪ್ಪ ಏನೂ ಬರಿಲೇ ಇಲ್ಲಲ್ರಿ," ಎಂದಳು ಇಂದ್ರವ್ವ. ಆ ಮಧ್ಯಾಹ್ನ ಅವಳು ಆಡಿದ ಮೊದಲ ಮಾತು ಅದು.

"ಬರದಾನ. ತಡೀ."

---

ತಗ್ಗಿನತೋಟ
೩೦ ಮೇ ೨೦೨೪

ಆಮ್ರಾ, ಜೈ ಭೀಮ.

ಬುದ್ಧ ಪೂರ್ಣಿಮೆಯ ದಿನ ಮಧ್ಯಾಹ್ನ ನಾನು ಗಿಡದ ಕೆಳಗೆ ಕಸ ಬಳಿಯುತ್ತಿದ್ದೆ. ಹನಮಂತ ಓಡುತ್ತ ಬಂದ. ಕೈಯಲ್ಲಿ ಫೋನ್.

"ಎಲ್ಲಿಗೋ?" ಎಂದೆ.

"ಕಾಕಾ, ಕಾಜಲ್‌ಗೆ ನೂವು ಎದ್ದೈತಿ. ಇನ್ನೂ ಎಂಟ ತಿಂಗಳ. ಮ್ಯಾಲೆ ಹೋಗಿ ದವಾಖಾನಿ ಗಾಡಿಗೆ ಫೋನ್ ಹಚ್ಚತೇನಿ," ಎಂದು ನಿಲ್ಲದೆ ದಿಬ್ಬ ಹತ್ತಿದ. ತಿರುವಿನಲ್ಲಿ ಅವನ ಒಂದು ಚಪ್ಪಲಿ ಬಿತ್ತು. ಹೊಳ್ಳಿ ನೋಡಲಿಲ್ಲ. ಒಂಬತ್ತು ವರ್ಷದ ಹಿಂದೆ ನನ್ನದೂ ಅದೇ ತಿರುವಿನಲ್ಲಿ ಬಿದ್ದಿತ್ತು.

ಕಾಜಲ್‌ಗೆ ಏನೂ ಆಗಲಿಲ್ಲ. ಅದು ಸುಳ್ಳು ನೋವಂತೆ. ಗೋಕಾಕಿಗೆ ಒಯ್ದು ತೋರಿಸಿ ಮರುದಿನ ಕರೆತಂದರು. ಆದರೆ ಆ ಚಪ್ಪಲಿಯನ್ನು ತಂದು ಭರಮವ್ವನ ಬಾಗಿಲಲ್ಲಿ ಇಟ್ಟವನು ನಾನು. ಅಂದಿನಿಂದ ಊಟ ಸೇರಿಲ್ಲ.

ಈಗ ನೀನು ಬರೆದದ್ದಕ್ಕೆ ಉತ್ತರ. ಏಪ್ರಿಲ್‌ನಲ್ಲೇ ಬರೆಯಬೇಕಿತ್ತು. ಕೈ ಬರಲಿಲ್ಲ.

ಚಾರ್ಜ್ ಮುಗಿದಿರಲಿಲ್ಲ. ಫೋನ್ ಹತ್ತಿತು. ಗಾಡಿಯವರು ಚಲೋ ಮಾತಾಡಿದರು. ಹಾದಿ ಕೇಳಲು ಡ್ರೈವರ್ ತಿರುಗಿ ಫೋನ್ ಮಾಡುತ್ತಾನೆ, ರೇಂಜ್ ಇದ್ದಲ್ಲೇ ನಿಲ್ಲು ಎಂದರು. ನಾನು ನಿಂತೆ. ಕಲ್ಲಿನ ಮೇಲೆ ಫೋನ್ ಎತ್ತಿ ಹಿಡಿದು ಒಂದು ತಾಸು ನಿಂತೆ. ಕೆಳಗೆ ನಿಮ್ಮವ್ವ ಕೂಗಿದ್ದು ಕೇಳಿತು. ಇಳಿದರೆ ರೇಂಜ್ ಹೋಗುತ್ತದೆ ಎಂದು ಇಳಿಯಲಿಲ್ಲ. ಅವನು "ಅಪ್ಪ ಎಲ್ಲಿ" ಎಂದು ಕೇಳಿದನಂತೆ. ನಾನು ರೇಂಜಿನ ಹತ್ತಿರ ನಿಂತಿದ್ದೆ, ಮಗನ ಹತ್ತಿರ ನಿಲ್ಲಲಿಲ್ಲ. ಗಾಡಿಯವರ ತಪ್ಪಲ್ಲ. ನಿನ್ನ ಹಾಡಿನ ತಪ್ಪಲ್ಲ. ನಿನಗೆ ಇದನ್ನು ಹೇಳದೆ ಒಂಬತ್ತು ವರ್ಷ ನಿನ್ನನ್ನು ಬೇಯಿಸಿದೆ, ಅದು ನನ್ನ ಇನ್ನೊಂದು ತಪ್ಪು.

ಕಾಜಲ್‌ಗೆ ಜೂನ್ ಕೊನೆಗೆ ದಿನ ಹೇಳಿದ್ದಾರೆ. ಹನಮಂತ ಆ ಕಲ್ಲಿನ ಮೇಲೆ ನಿಲ್ಲಬಾರದು. ಕಾರಹುಣ್ಣಿಮೆ ಕಳೆಯಲಿ, ಗಿಡ ಕಡಿಯುತ್ತೇನೆ. ನಾನೇ ಕಡಿಯುತ್ತೇನೆ, ಬೇರೆಯವರ ಕೊಡಲಿ ಬೇಡ. ನೀನು ನೋಡಲು ಬರಬೇಡ.

ನಿಮ್ಮಪ್ಪ,
ಕೇದಾರಿ

---

ಹುಕ್ಕೇರಿ
೭ ಜೂನ್ ೨೦೨೪

ಅಪ್ಪಾ, ಕಡಿಯಬೇಡ.

ಮೊದಲು ಇದನ್ನು ಓದು, ಉಳಿದದ್ದು ಆಮೇಲೆ. ಕಡಿಯಬೇಡ. ಬೇರೆ ಹಾದಿ ಸಿಕ್ಕಿದೆ.

ದಿಬ್ಬದ ನೆತ್ತಿಯ ಮೇಲೆ ಒಂದು ಡಿಶ್ ಇಟ್ಟರೆ ಕೊಣ್ಣೂರಿನಿಂದ ಅಲ್ಲಿಗೆ, ಅಲ್ಲಿಂದ ಕೆಳಗೆ ಸಾಲಿಗೆ ದಾಟಿಸಬಹುದು. ಗಿಡ ನಡುವೆ ಬರುವುದೇ ಇಲ್ಲ. ಅಲ್ಲಿ ಕರೆಂಟ್ ಇಲ್ಲವೆಂದು ಆ ಜಾಗ ಮೊದಲೇ ಬಿಟ್ಟಿದ್ದೆವು. ನಿನ್ನ ಪತ್ರ ಬಂದ ದಿನ ಸರ್ ಮುಂದೆ ಕುಳಿತು ಅದು ಯಾವ ಗಿಡ ಎಂದು ಹೇಳಿದೆ. "ಮೊದಲ ಯಾಕ ಹೇಳಲಿಲ್ಲ ಹುಚ್ಚಿ?" ಎಂದರು. ಮೂಡಲಗಿ ಕಡೆ ಒಂದು ಹಳೆ ಕಂಬ ಇಳಿಸಿದ್ದೇವೆ, ಅದರ ಸೋಲಾರ್ ಮತ್ತು ಬ್ಯಾಟರಿ ಒಯ್ಯಿ ಎಂದರು. ಜೂನ್ ಹದಿನೇಳು, ಸೋಮವಾರ ಬರುತ್ತೇನೆ. ಒಂದೇ ದಿನದ ಕೆಲಸ. ಕಾರಹುಣ್ಣಿಮೆಗೆ ಮೊದಲೇ ಮುಗಿಯುತ್ತದೆ.

ನೀನು ನಿಂತಿದ್ದ ಕಲ್ಲಿನ ಮೇಲೆಯೇ ಡಿಶ್ ನಿಲ್ಲುತ್ತದೆ ಅಪ್ಪಾ. ಇನ್ನು ಅಲ್ಲಿ ಅದು ನಿಲ್ಲಲಿ. ಯಾರ ಅಪ್ಪನೂ ಬೇಡ.

ನೀನು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಬಂದಾಗ ನಿನ್ನ ಬಾಜೂ ಗಿಡದ ಕೆಳಗೆ ಕೂಡುತ್ತೇನೆ. ಈ ಸಲ ಬಸ್ಸಿಗೆ ಹೊತ್ತಾಗುವುದಿಲ್ಲ.

ಅವ್ವನ ಫೋನಿಗೂ ಇದನ್ನೇ ಮಾತಾಡಿ ಕಳಿಸಿದ್ದೇನೆ. ನೆಟ್ ಇಲ್ಲ, ಮುಟ್ಟುವುದಿಲ್ಲ ಎಂದು ಗೊತ್ತು. ಮನಸ್ಸು ತಡೆಯಲಿಲ್ಲ. ಈ ಪತ್ರ ಮುಟ್ಟುತ್ತದೆ. ಪತ್ರಕ್ಕೆ ಎಲೆ ಅಡ್ಡ ಬರುವುದಿಲ್ಲ.

ನಿನ್ನ ಮಗಳು,
ಆಮ್ರಪಾಲಿ

---

ಸಾತಪ್ಪ ಪತ್ರ ಮಡಚಿದ. ಹೊರಮೈಯ ಮೇಲಿನ ಸೀಲನ್ನು ಹೆಬ್ಬೆರಳಿನಿಂದ ಸವರಿದ.

"ಇದು ಮಂಗಳವಾರ ನನ್ನ ಕೈಗೆ ಬಂತು. ಹನ್ನೊಂದನೇ ತಾರೀಖ. ಚೀಲದಾಗ ಹಾಕಿದೆ. ತಗ್ಗಿನತೋಟದ್ದು, ಗುರುವಾರ ಕೊಟ್ಟರಾತು ಅಂದೆ. ಮೂವತ್ತೊಂದ ವರ್ಷ ಹಂಗನ ಮಾಡೇನಿ. ಯಾರೂ ಏನೂ ಅಂದಿಲ್ಲ."

ಮಾಲಿಂಗ ಎದ್ದು ಅವನಿಗೆ ನೀರು ಕೊಟ್ಟ. ನೀರು ಕುಡಿದು ಸಾತಪ್ಪ ಕೊನೆಯ ಪತ್ರ ಬಿಚ್ಚಿದ.

---

ತಗ್ಗಿನತೋಟ
೧೩ ಜೂನ್ ೨೦೨೪

ಆಮ್ರಾ, ಜೈ ಭೀಮ.

ನಿನ್ನ ಪತ್ರ ಈಗ ಮುಟ್ಟಿತು. ಸಾತಪ್ಪ ಹೊರಗೆ ಕುಳಿತಿದ್ದಾನೆ. ಅವನ ಕೈಯಲ್ಲೇ ಇದನ್ನು ಕೊಡುತ್ತೇನೆ.

ಗಿಡ ಬಿತ್ತು ಎಂದು ನಿಮ್ಮವ್ವ ನಿನ್ನೆ ಫೋನಿನಲ್ಲಿ ಹೇಳಿದಳಂತೆ. ಹೇಗೆ ಬಿತ್ತು ಎಂದು ನಾನು ಬರೆಯಬೇಕು.

ಕಾರಹುಣ್ಣಿಮೆವರೆಗೆ ತಡೆಯಲು ನನ್ನಿಂದ ಆಗಲಿಲ್ಲ. ಕಡಿಯುತ್ತೇನೆ ಎಂದು ನಿನಗೆ ಬರೆದಾದ ಮೇಲೆ ದಿನಾ ಅದರ ನೆರಳಿನಲ್ಲಿ ಕೂಡುವುದು ಹೇಗೆ? ಕೊಲ್ಲುವವನೇ ಕೊಟ್ಟಿಗೆಯಲ್ಲಿ ಮಲಗಿದಂತೆ. ನಿನ್ನೆ ಬುಧವಾರ ಬೆಳಿಗ್ಗೆ ಬುಡಕ್ಕೆ ನೀರು ಹಾಕಿ, ಬುದ್ಧನ ತ್ರಿಸರಣ ಹೇಳಿ, ಕೊಡಲಿ ತೆಗೆದುಕೊಂಡೆ. ಹನಮಂತ ಹಗ್ಗ ಹಿಡಿದ. ಕೊಡಲಿ ಅವನಿಗೆ ಕೊಡಲಿಲ್ಲ. ನಿಮ್ಮವ್ವ ಸ್ವಲ್ಪ ದೂರದಲ್ಲಿ ಫೋನ್ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅದು ಅವಳಿಗೆ ರೂಢಿಯಾಗಿ ಹೋಗಿದೆ.

ಅರಳಿಯಲ್ಲಿ ಹಾಲು ಇರುತ್ತದೆ. ನನಗೆ ಗೊತ್ತಿತ್ತು, ಆದರೆ ಇಷ್ಟು ಇರುತ್ತದೆ ಎಂದು ಗೊತ್ತಿರಲಿಲ್ಲ. ಮೊದಲ ಏಟಿನಿಂದಲೇ ಸುರಿಯಿತು. ಕೈ ಅಂಟಾಯಿತು. ಹನಮಂತ ಅಳತೊಡಗಿದ. "ಸಾಕ ಬಿಡ್ರಿ ಕಾಕಾ," ಎಂದ. "ಅರ್ಧಾ ಕಡದ ಬಿಟ್ಟರ ಅವಗ ಇನ್ನಟು ನೂವಾಗ್ತೈತೋ," ಎಂದೆ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಬಿತ್ತು. ಧೂಳು ಇಳಿದ ಮೇಲೆ ಕಿಂಡಿಯಲ್ಲಿ ಬರೀ ಆಕಾಶ ಕಂಡಿತು. ಕೊಣ್ಣೂರಿನ ತನಕ ಏನೂ ಅಡ್ಡವಿಲ್ಲ.

ಆಗ ನಿಮ್ಮವ್ವನ ತೊಡೆಯ ಮೇಲೆ ಫೋನ್ ಟಿಣ್ ಎಂದಿತು. ಮತ್ತೆ ಟಿಣ್ ಎಂದಿತು. ಅವಳಿಗೆ ಓದಲು ಬರುವುದಿಲ್ಲ, ನಿನ್ನ ಚಿತ್ರ ನೋಡಿ ಒತ್ತಿದಳು. ನಿನ್ನ ದನಿ.

"ಅಪ್ಪಾ, ಕಡೀಬ್ಯಾಡ. ಬ್ಯಾರೇ ಹಾದಿ ಸಿಕ್ಕೈತಿ. ನಾ ಹದಿನೇಳಕ್ಕ ಬರ್ತೇನಿ. ಗಿಡಾ ಇರ್ಲಿ ಅಪ್ಪಾ."

ನಿಮ್ಮವ್ವ ನನ್ನ ಮುಖ ನೋಡಿದಳು. "ಏನ್ ಅನಾಕತ್ತಾಳ್ರಿ ಇಕಿ?" ಎಂದಳು. ಅವಳಿಗೆ ಕೇಳಿತ್ತು. ಆದರೂ ಕೇಳಿದಳು. ನಾನು ಫೋನ್ ತೆಗೆದುಕೊಂಡು ಕಿವಿಗೆ ಇಟ್ಟುಕೊಂಡೆ. ಒಂಬತ್ತು ವರ್ಷದ ಮೇಲೆ. ದನಿ ಮುಗಿದು ಹೋಯಿತು. ಮತ್ತೆ ಹೇಗೆ ಹಚ್ಚಬೇಕು ಎಂದು ತಿಳಿಯಲಿಲ್ಲ. ಹನಮಂತ ತೋರಿಸಿದ. ಆರೇಳು ಸಲ ಹಚ್ಚಿದೆ. ಫೋನಿಗೆ ಅರಳಿಯ ಹಾಲು ಹತ್ತಿದೆ, ನಿಮ್ಮವ್ವ ಒರೆಸಲು ಬಿಡುತ್ತಿಲ್ಲ.

ನಿನ್ನ ದನಿ ಐದು ದಿನ ಅವನ ಬೆನ್ನಿನ ಹಿಂದೆ ನಿಂತಿತ್ತು. ಅವನು ಬಿದ್ದ ಮೇಲೆ ಬಂತು. ಇದರಲ್ಲಿ ನಿನ್ನ ತಪ್ಪು ಹುಡುಕಬೇಡ. ನಾವಿಬ್ಬರೂ ತಪ್ಪು ಹುಡುಕಿ ದಣಿದಿದ್ದೇವೆ.

ಪತ್ರದ ಸೀಲು ನೋಡಿದೆ. ಮಂಗಳವಾರದ್ದು. ಸಾತಪ್ಪ ನಾನು ನೋಡಿದ್ದನ್ನು ನೋಡಿದ. ನೀರು ಕುಡಿ ಎಂದೆ. ನೀನೂ ಅವನಿಗೆ ಏನೂ ಅನ್ನಬೇಡ. ಯಾರಿಗೂ ಪತ್ರ ಬಾರದ ಊರಿಗೆ ನಮ್ಮೊಬ್ಬರ ಸಲುವಾಗಿ ಇಷ್ಟು ವರ್ಷ ನಡೆದಿದ್ದಾನೆ.

ಹದಿನೇಳಕ್ಕೆ ಬಾ. ಕೆಲಸ ಏನೂ ಉಳಿದಿಲ್ಲ. ಬರೀ ಬಾ.

ನಿಮ್ಮಪ್ಪ,
ಕೇದಾರಿ

---

ಕರೆಂಟು ಬಂದಿತ್ತು. ಗಾಣದ ಬಲ್ಬು ಹೊತ್ತಿತ್ತು. ಯಾರೂ ಏಳಲಿಲ್ಲ.

"ಕಾಜಲ್?" ಎಂದ ಮಾಲಿಂಗ.

"ಹೆಣ್ಣ ಕೂಸು. ಇಪ್ಪತ್ತಾರಕ್ಕ. ಮನ್ಯಾಗ ಕುಂತ ಗಾಡಿಗೆ ಹಚ್ಚಿದ್ರು, ಗಾಡಿ ಬಂತು. ಇಬ್ಬರೂ ಆರಾಮ ಅದಾರ. ಮಂದಿ ಎಲ್ಲಾ ಗಿಡದ ಪುಣ್ಯ ಅಂತಾರ. ಕೇದಾರಿ ಹೂಂ ಅಂತಾನ. ಹದಿನೇಳಕ್ಕ ಇನ್ನೊಂದ ಹಾದಿ ಆಗತಿತ್ತು ಅಂತ ಅವ ಯಾರ ಮುಂದೂ ಹೇಳಿಲ್ಲ."

"ಮಗಳು ಬಂದಳೇನ್ರಿ?" ಇಂದ್ರವ್ವ ಕೇಳಿದಳು.

"ಬಂದಳು. ಸೋಮವಾರ. ಅಪ್ಪ ಮಗಳು ಇಬ್ಬರೂ ಕಡದ ಬುಡದ ಮ್ಯಾಲೆ ಕುಂತಿದ್ರು, ಒಂದ ಕಡೆ ಮಾರಿ ಮಾಡಿ. ನಾ ದೂರಿಂದ ನೋಡಿ ಹೊಳ್ಳಿ ಬಂದೆ." ಸಾತಪ್ಪ ಪತ್ರಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ. "ನೌಕರಿ ಬಿಡೂ ದಿನ ತಪ್ಪ ಒಪ್ಪಗೊಳ್ಳಾಕ ಹೋದೆ. ಬಾಯಿ ತಗೀಲಿಲ್ಲ, ಅಷ್ಟರಾಗ ಈ ಕಟ್ಟ ತಂದ ಕೈಯಾಗಿಟ್ಟ. ಮಗಳ ಹಂತೇಕ ಇದ್ದ ಪತ್ರಾನೂ ತರಸಿ ಇಟ್ಟಿದ್ದ. ‘ನೀನ ಇಟಗೋಪಾ. ಹೊತ್ತಾಂವ ನೀ,’ ಅಂದ."

ಮರುದಿನ ಬೆಳಿಗ್ಗೆ ನಾನು ಬೆಲ್ಲದ ಪೆಂಟೆ ಹೊರಿಸಲು ಗಾಣಕ್ಕೆ ಬಂದಾಗ ಒಲೆ ಇನ್ನೂ ಹೊತ್ತಿರಲಿಲ್ಲ. ಇಂದ್ರವ್ವ ಸಾತಪ್ಪನ ಮುಂದೆ ಕುಳಿತಿದ್ದಳು. ಅವನ ಕೈಚೀಲದಲ್ಲಿ ಉಳಿದಿದ್ದ ಒಂದೇ ಒಂದು ಖಾಲಿ ಇನ್‌ಲ್ಯಾಂಡ್ ಪತ್ರ ಅವಳ ಕೈಯಲ್ಲಿತ್ತು. ನನ್ನನ್ನು ಕಂಡು ಅದನ್ನು ಚಾಚಿದಳು.

"ಮೂಡಲಗಿಗೆ. ನನ್ನ ಮಗಳಿಗೆ ಬರೀರಿ."

"ಫೋನ್ ಹಚ್ಚಲ್ಲಾ ಆಯಿ," ಎಂದ ಒಲೆಯ ಹತ್ತಿರ ನಿಂತಿದ್ದ ಮಾಲಿಂಗ.

"ನನ್ನ ನಂಬರ ನೋಡಿದರ ಎತ್ತೂದಿಲ್ಲ. ನಾನೂ ಅಕೀದ ಎತ್ತಿಲ್ಲ."

ಪೆನ್ನು ತೆಗೆದೆ. "ಏನ್ ಬರೀಲಿ?"

ಅವಳು ಪತ್ರದ ಮಡಿಕೆ ಬಿಡಿಸಿ ನನ್ನ ಮುಂದಿಟ್ಟಳು. "ಕೆಲಸ ಏನಿಲ್ಲ, ಬರೀ ಬಾ ಅಂತ ಬರೀರಿ. ಸಾಕು."

ಬರೆದು ಮಡಚಿ ಕೊಟ್ಟೆ. ಅದನ್ನು ತೆಗೆದುಕೊಂಡದ್ದು ಸಾತಪ್ಪ. ಅಂಟು ಆರಲೆಂದು ಒಮ್ಮೆ ಗಾಳಿಗೆ ಬೀಸಿ, ಎದೆಯ ಕಿಸೆಯಲ್ಲಿಟ್ಟು ಚಪ್ಪಲಿ ಮೆಟ್ಟಿದ.

"ಕಾಕಾ, ನಿಮ್ಮ ನೌಕರಿ ಮುಗದೈತಿ. ಡಬ್ಬ್ಯಾಗ ಹಾಕ್ರಿ, ಗುರುವಾರ ಅನ್ನೂದ್ರಾಗ..." ಎಂದು ಸುರು ಮಾಡಿದ ಮಾಲಿಂಗ ಮಾತು ಅರ್ಧಕ್ಕೇ ನುಂಗಿದ.

ಸಾತಪ್ಪ ಆಗಲೇ ರಸ್ತೆಗೆ ಇಳಿದಿದ್ದ. ಮೂಡಲಗಿಯ ಬಸ್ಸು ಇನ್ನೂ ದೂರದ ತಿರುವಿನಲ್ಲಿತ್ತು. ಅವನು ಕೈ ಎತ್ತಿ ನಿಂತಿದ್ದ.